ಕಿವಿ ಪರದೆಯ ತೂತಿಗೆ ಯಾವ ತೇಪೆ?

ಪ್ರಶ್ನೆ: ನನಗೆ 34 ವರ್ಷ. ಚಿಕ್ಕಂದಿನಿಂದ ಬಲಗಿವಿ ಸೋರುತ್ತಿತ್ತು, ಎರಡು ತಿಂಗಳಿಂದ ಒಣಗಿದೆ. ಪರದೆಯ ಮುಂಭಾಗದಲ್ಲಿ ದೊಡ್ಡ ತೂತಿದೆಯಂತೆ. ಒಬ್ಬ ಡಾಕ್ಟರು ತಲೆಯ ಪಕ್ಕದ ಪೊರೆ ತೆಗೆದು ಹಾಕುತ್ತೇವೆ ಎಂದರು, ಇನ್ನೊಬ್ಬರು ಕಿವಿಯ ಮೃದ್ವಸ್ಥಿಯೇ ಸರಿ ಎಂದರು. ದಪ್ಪನೆಯದು ಹಾಕಿದರೆ ಕೇಳಿಸುವುದು ಕಡಿಮೆಯಾಗದೇ?
— ಓದುಗರೊಬ್ಬರು, ಹಾವೇರಿ

ಉತ್ತರ: ಇಬ್ಬರು ಹೇಳಿದ್ದೂ ತಪ್ಪಲ್ಲ. ತೇಪೆ ಎಂದರೆ ಬಟ್ಟೆಗೆ ಹಾಕುವ ತೇಪೆಯಂತಲ್ಲ, ಹೊಸ ಚರ್ಮ ಹಬ್ಬಲು ಕೊಡುವ ಚಪ್ಪರ. ಚಪ್ಪರ ಎಷ್ಟು ಗಟ್ಟಿ ಇರಬೇಕೆಂಬುದನ್ನು ತೂತಿನ ಜಾಗ ಮತ್ತು ಪರದೆಯ ಹಿಂದಿನ ಟೊಳ್ಳಾದ ಮಧ್ಯಕಿವಿಯ ಸ್ಥಿತಿ ನಿರ್ಧರಿಸುತ್ತವೆ.

1950ರ ದಶಕದಲ್ಲಿ ಜರ್ಮನಿಯ ಕಿವಿ ವೈದ್ಯರಾದ ವುಲ್‌ಸ್ಟೈನ್, ತ್ಸೋಲ್ನರ್ ತೇಪೆಗೆ ಚರ್ಮವನ್ನೇ ಬಳಸುತ್ತಿದ್ದರು. ಅದು ಒಳಗೂ ಸಿಪ್ಪೆ ಉದುರಿಸಿ ಕೀವು ತರಿಸುತ್ತಿತ್ತು. ಆಮೇಲೆ ಬಂದದ್ದು ಕಿವಿಯ ಮೇಲ್ಭಾಗದ ಸ್ನಾಯುವನ್ನು ಹೊದ್ದಿರುವ ಪೊರೆ, ಅಂದರೆ ಫೇಶಿಯಾ. ಕಿವಿಯ ಹಿಂದೆ ಕೊಯ್ದ ಗಾಯದಿಂದಲೇ ಬೇಕಾದಷ್ಟು ಸಿಗುತ್ತದೆ. ಬದುಕಲು ಹೆಚ್ಚು ಆಹಾರವನ್ನೂ ಕೇಳದು, ಆದ್ದರಿಂದ ರಕ್ತನಾಳ ಹಬ್ಬುವವರೆಗೆ ತಾಳುತ್ತದೆ. ತೆಗೆದ ಪೊರೆಯನ್ನು ಹರಡಿ ಒಣಗಿಸಿದರೆ ಈರುಳ್ಳಿ ಸಿಪ್ಪೆಯಂತೆ ಗರಿಗರಿಯಾಗಿ, ಕತ್ತರಿಸಿ ಕೂರಿಸಲು ಸುಲಭ. ದೋಷವೆಂದರೆ ಕುಗ್ಗುತ್ತದೆ, ಮಧ್ಯಕಿವಿಯ ಒತ್ತಡ ಕಡಿಮೆಯಾದರೆ ಒಳಕ್ಕೆ ಜಗ್ಗುತ್ತದೆ.

ಮೃದ್ವಸ್ಥಿಯನ್ನು ಕಿವಿತೂತಿನ ಮುಂದಿನ ಪುಟ್ಟ ಚಿಪ್ಪಿನಿಂದ ಅಥವಾ ಕಿವಿಯ ಬಟ್ಟಲಿನಿಂದ ತೆಗೆಯುತ್ತಾರೆ. ಇದು ಜಗ್ಗದು, ಕರಗುವುದೂ ಅಪರೂಪ. ಸಹಜ ಪರದೆಯ ದಪ್ಪ ಸುಮಾರು 0.1 ಮಿ.ಮೀ., ಮೃದ್ವಸ್ಥಿ ಸುಮಾರು 1 ಮಿ.ಮೀ. ಹಾಗಾಗಿ ನಿಮ್ಮ ಅನುಮಾನ ಸಹಜವೇ. ಆದರೆ ಅದನ್ನು ಸುಮಾರು 0.5 ಮಿ.ಮೀ.ಗೆ ಸೀಳಿ ಹಾಕುತ್ತಾರೆ, ಆಮೇಲಿನ ಶ್ರವಣ ಪರೀಕ್ಷೆಯಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಒಂದೇ. ನಿಜವಾದ ತೊಂದರೆ ಬೇರೆ: ಮೃದ್ವಸ್ಥಿಯ ಮೂಲಕ ಒಳಗೆ ಕಾಣುವುದಿಲ್ಲ. ಹಿಂದೆ ನೀರು ತುಂಬಿದರೂ, ಮೂಳೆ ತಿನ್ನುವ ಚರ್ಮದ ಗಂಟು (ಕೊಲೆಸ್ಟಿಯಟೋಮಾ) ಬೆಳೆದರೂ ತಡವಾಗಿ ತಿಳಿಯುತ್ತದೆ.

ನಿಮ್ಮಂತೆ ಮುಂಭಾಗದ ದೊಡ್ಡ ತೂತಿಗೆ, ಹಿಂದೊಮ್ಮೆ ತೇಪೆ ಹಾಕಿ ಬಿಟ್ಟುಹೋದ ಕಿವಿಗೆ, ಪರದೆ ಒಳಕ್ಕೆ ಎಳೆದುಕೊಂಡಿರುವವರಿಗೆ ನಾನು ಮೃದ್ವಸ್ಥಿಯ ಕಡೆ ವಾಲುತ್ತೇನೆ. ಮುಂಭಾಗಕ್ಕೆ ರಕ್ತ ಸಂಚಾರ ಕಡಿಮೆ, ತೇಪೆಗೆ ಆನಿಕೆಯೂ ಸಾಲದು. ಸೋತ ತೇಪೆಗಳಲ್ಲಿ ಹಲವು ಇಲ್ಲೇ ಬಿಡುತ್ತವೆ. ನಡುವಿನ ಅಥವಾ ಹಿಂಭಾಗದ ತೂತಿಗೆ ಫೇಶಿಯಾ ಸಾಕು.

ಶಸ್ತ್ರಕ್ರಿಯೆಯಲ್ಲಿ ಮೊದಲು ತೂತಿನ ಅಂಚನ್ನು ಸುತ್ತ ಕೆರೆದು ಹಸಿ ಮಾಡುತ್ತಾರೆ. ಅಲ್ಲಿ ಚರ್ಮ ಒಳಕ್ಕೆ ಮಡಚಿ ಬೆಳೆದಿರುವುದರಿಂದಲೇ ತೂತು ತಾನಾಗಿ ಮುಚ್ಚಿಲ್ಲ. ಇಲ್ಲಿ ಅವಸರಪಟ್ಟರೆ ಎಂಥ ತೇಪೆಯೂ ಹಿಡಿಯದು. ಬಳಿಕ ಕಿವಿ ಕಾಲುವೆಯ ಚರ್ಮವನ್ನು ಪರದೆಯೊಂದಿಗೆ ಎತ್ತಿ, ಸುತ್ತ ಒಂದೆರಡು ಮಿ.ಮೀ. ಹೆಚ್ಚಾಗಿ ಕತ್ತರಿಸಿದ ತೇಪೆಯನ್ನು ಸಾಮಾನ್ಯವಾಗಿ ಒಳಗಡೆಯಿಂದ ಒತ್ತಾಗಿ ಇಡುತ್ತಾರೆ. ಕೆಳಗೂ ಮೇಲೂ ತಾನಾಗಿ ಕರಗುವ ಜೆಲ್‌ಫೋಮ್ ಎಂಬ ಸ್ಪಂಜನ್ನು ತುಂಬುತ್ತಾರೆ. ಆದ್ದರಿಂದ ಕೆಲವು ವಾರ ಕಿವಿ ಮಂದವಾಗಿರುವುದು ಸಹಜ. ನಾಲಿಗೆಯ ಒಂದು ಬದಿಯ ರುಚಿ ಕೆಲಕಾಲ ಕೆಡಬಹುದು, ರುಚಿಯ ನರ ಪರದೆಯ ಹಿಂದೆಯೇ ಹಾದುಹೋಗುತ್ತದೆ.

ಶಸ್ತ್ರಕ್ರಿಯೆ ಆಗಿ ಮನೆಗೆ ಬಂದ ಮೇಲೆ ಸಿಂಬಳ ತೆಗೆಯಲು ಮೂಗನ್ನು ಜೋರಾಗಿ ಊದಬೇಡಿ, ಸೀನು ಬಂದರೆ ಬಾಯಿ ತೆರೆದು ಸೀನಿ. ಭಾರ ಎತ್ತಬೇಡಿ. ಡಾಕ್ಟರು ಹೇಳುವವರೆಗೆ ವಿಮಾನ ಪ್ರಯಾಣ ಬೇಡ. ತಲೆಗೆ ನೀರು ಹಾಕುವಾಗ ವ್ಯಾಸಲೀನ್ ಸವರಿದ ಹತ್ತಿಯನ್ನು ಕಿವಿಗೆ ಇಟ್ಟುಕೊಳ್ಳಿ, ಬಿಸಿ ಎಣ್ಣೆಯನ್ನಂತೂ ಬಿಡಲೇಬೇಡಿ. ಸುಮಾರು ಮೂರು ತಿಂಗಳಿಗೆ ಆಡಿಯೋಗ್ರಾಂ (ಶ್ರವಣ ಪರೀಕ್ಷೆ) ಮಾಡಿಸಿದರೆ ಫಲ ತಿಳಿಯುತ್ತದೆ. ಬೀಡಿ, ಸಿಗರೇಟು ಇದ್ದರೆ ಈಗಲೇ ಬಿಡಿ.

ಪ್ರಶ್ನೆ: ಆಟದಲ್ಲಿ ಕೆನ್ನೆಗೆ ಪೆಟ್ಟು ಬಿದ್ದು ಮಗನ ಕಿವಿ ಪರದೆ ಹರಿದು ಹತ್ತು ದಿನ ಆಯಿತು. ಈಗಲೇ ಆಪರೇಷನ್ ಮಾಡಿಸಬೇಕೇ?

ಉತ್ತರ: ಬೇಡ. ಪೆಟ್ಟಿನಿಂದಾದ ತೂತು ಬಹುಪಾಲು ಆರರಿಂದ ಎಂಟು ವಾರದಲ್ಲಿ ತಾನೇ ಮುಚ್ಚುತ್ತದೆ. ನೀರು ಹೋಗದಂತೆ ನೋಡಿಕೊಳ್ಳಿ, ಸೋಂಕಿಲ್ಲದಿದ್ದರೆ ಹನಿಮದ್ದು ಬೇಕಿಲ್ಲ. ಮೂರು ತಿಂಗಳಾದರೂ ಚಿಕ್ಕ ತೂತು ಉಳಿದಿದ್ದರೆ ಕಿವಿಹಾಲೆಯ ಕೊಬ್ಬಿನ ತುಣುಕೊಂದನ್ನು ಬೆಣೆಯಂತೆ ತುರುಕಿದರೆ ಸಾಕಾಗಬಹುದು. ತಲೆಸುತ್ತು ಅಥವಾ ತೀವ್ರ ಕಿವುಡುತನ ಇದ್ದರೆ ಮಾತ್ರ ಕಾಯದೆ ಇಂದೇ ಇಎನ್‌ಟಿ ವೈದ್ಯರಿಗೆ ತೋರಿಸಿ.