ಮೊದಲು ಸಣ್ಣದೊಂದು ಸಾಲ ಮಾಡು

ತಂಗಿ,

ಕೊಡಗಿನ ಸೋಮವಾರಪೇಟೆ ಕಡೆಯಿಂದ ಜರ್ಮನಿಯ ಆಸ್ಪತ್ರೆಗೆ ನರ್ಸ್ ಕೆಲಸಕ್ಕೆ ಬಂದು ಮೂರು ತಿಂಗಳಾಯಿತು ಅಂತ ಬರೆದಿದ್ದೀಯ. ದಿನಾ ಮನೆಗೆ ವಿಡಿಯೋ ಕಾಲ್ ಮಾಡಿದರೂ ಎರಡು ನಿಮಿಷಕ್ಕೆ ಮಾತು ಮುಗಿಯುತ್ತೆ, ಆಗಸ್ಟ್ ಮಳೆಯಲ್ಲಿ ಎರಡು ದಿನ ಮನೆ ಫೋನ್ ಸಿಗದೆ ಜೀವ ಬಾಯಿಗೆ ಬಂತು, ಪಕ್ಕದ ಮನೆಯವರು "ಹಲೋ" ಬಿಟ್ಟು ಇನ್ನೊಂದು ಮಾತಾಡಲ್ಲ, ಹೀಗೆ ದುಡಿಯೋದು ಯಾರಿಗೋಸ್ಕರ ಅಂತ ಕೇಳಿದ್ದೀಯ. ಕೊನೇ ಪ್ರಶ್ನೆಗೆ ನೇರ ಉತ್ತರ ಕೊಡೋಕೆ ಹೋಗಲ್ಲ. ಮೊದಲ ಮೂರು ಸರಿಹೋದರೆ ಅದರ ಕಾಟ ತಾನಾಗಿ ಕಮ್ಮಿಯಾಗುತ್ತೆ.

ಪಕ್ಕದ ಮನೆಯಿಂದಲೇ ಶುರುಮಾಡೋಣ. ಮುಯ್ಯಾಳು ಲೆಕ್ಕ ನಿನಗೆ ಗೊತ್ತೇ ಇದೆ. ನಮ್ಮ ನಾಟಿಗೆ ಆ ಮನೆಯಿಂದ ನಾಲ್ಕು ಆಳು ಬಂದರೆ, ಅವರ ನಾಟಿಗೆ ಇಲ್ಲಿಂದ ನಾಲ್ಕು ಆಳು ಹೋಗಬೇಕು. ಮದುವೆ ಮನೆಯಲ್ಲಿ ಮುಯ್ಯಿ ಬರೆದಿಡೋ ಪುಸ್ತಕವೂ ಅದೇ. ಊರಲ್ಲಿ ನಮ್ಮ ಹೆಸರಿನ ಖಾತೆ ತಾತನ ಕಾಲದಿಂದ ನಡೀತಾ ಬಂದಿರುತ್ತೆ, ಇಲ್ಲಿ ನಿನ್ನ ಪುಟ ಇನ್ನೂ ಖಾಲಿ. ನಮ್ಮವರು ಬಂದ ಹೊಸದರಲ್ಲಿ ಯಾರಿಗೂ ತೊಂದರೆ ಕೊಡಬಾರದು ಅಂತ ಮುದುಡಿಕೊಂಡು ಕೂರುತ್ತಾರೆ. ಸೌಜನ್ಯವೇನೋ ಹೌದು, ಆದರೆ ಆ ಪುಟ ಖಾಲಿಯೇ ಉಳಿಯುತ್ತೆ. ಮೊದಲ ಸಾಲು ನೀನು ತಗೊಂಡ ಸಹಾಯದ್ದೇ ಆಗಿರಲಿ.

ಮೊದಲು ಪರಿಚಯ. ಮನೆಗೆ ಬಂದ ಮೊದಲ ವಾರದಲ್ಲೇ ಆಗಬೇಕಿತ್ತು, ಈಗಲೂ ತಡವಾಗಿಲ್ಲ. ಶನಿವಾರ ಬೆಳಿಗ್ಗೆ 10ರಿಂದ 12ರ ಒಳಗೆ ನಿನ್ನ ಕಟ್ಟಡದ ಅದೇ ಮೆಟ್ಟಿಲಿನ ಮನೆಗಳ ಬೆಲ್ ಒತ್ತು. ಹೆಸರು, ಎಷ್ಟನೇ ಮಹಡಿ, ಯಾವ ಕೆಲಸ, ಪಾಳಿ ಇರೋದರಿಂದ ರಾತ್ರಿ ಬಾಗಿಲ ಸದ್ದಾಗಬಹುದು ಅನ್ನೋದು, ಇಷ್ಟು ಹೇಳು. ಎರಡು ನಿಮಿಷ ಸಾಕು. ಒಳಗೆ ಕರೆಯದಿದ್ದರೆ ಅವಮಾನ ಅಂದುಕೋಬೇಡ.

ಹದಿನೈದು ದಿನ ಬಿಟ್ಟು ಸಣ್ಣದೊಂದು ಸಹಾಯ ಕೇಳು. ಕೆಲಸ ಇಂತಿಷ್ಟೇ, ಇಷ್ಟು ಹೊತ್ತಿಗೆ ಮುಗಿಯುತ್ತೆ ಅನ್ನೋದು ಕೇಳುವಾಗಲೇ ಗೊತ್ತಾಗಬೇಕು. ಸರ್ಕಾರಿ ಕಚೇರಿಯ ಪತ್ರ ಹಿಡಿದು "ಇದರಲ್ಲಿ ನಾನೇನು ಮಾಡಬೇಕು, ಹತ್ತು ನಿಮಿಷ ನೋಡಿ ಹೇಳ್ತೀರಾ?" ಅನ್ನೋದು ಒಳ್ಳೆ ಸಾಲ. ಪಾರ್ಸೆಲ್ ಅದಕ್ಕಿಂತ ಒಳ್ಳೇದು. ನೀನು ಡ್ಯೂಟಿಯಲ್ಲಿರುವಾಗ ಬಂದ ಪಾರ್ಸೆಲ್ಲನ್ನು ಪಕ್ಕದ ಮನೆಯಲ್ಲಿ ಕೊಟ್ಟು, ನಿನ್ನ ಅಂಚೆ ಡಬ್ಬಕ್ಕೆ ಚೀಟಿ ಹಾಕಿ ಹೋಗೋದು ಇಲ್ಲಿ ಮಾಮೂಲು. ಅದೇ ದಿನ ಸಂಜೆ 8ರ ಒಳಗೆ ಹೋಗಿ ತಗೋ, ನಾಲ್ಕು ದಿನ ಅವರ ಮನೆಯ ಜಾಗ ಹಿಡಿಯೋ ಹಾಗೆ ಬಿಡಬೇಡ. ಮುಂದಿನ ಸಲ ಅವರದು ಬಂದಾಗ ನೀನು ತಗೊಂಡರೆ ಮುಯ್ಯಿ ತೀರಿತು, ಆಟ ಶುರುವಾಯಿತು. ದುಡ್ಡು ಕೇಳೋದು, ಬೆಳಗಿನ ನಾಲ್ಕಕ್ಕೆ ಏರ್‌ಪೋರ್ಟಿಗೆ ಬಿಡಿ ಅನ್ನೋದು ಈಗಲೇ ಬೇಡ.

ತೀರಿಸುವಾಗಲೂ ಅಳತೆ ಇರಲಿ. ಪಾರ್ಸೆಲ್ ಹಿಡಿದುಕೊಟ್ಟಿದ್ದಕ್ಕೆ ರೇಷ್ಮೆ ಶಾಲು ಕೊಟ್ಟರೆ ಅವರು ಗಾಬರಿಯಾಗುತ್ತಾರೆ, ಯಾಕಂದರೆ ಅಷ್ಟನ್ನು ವಾಪಸ್ ತೀರಿಸೋ ಭಾರ ಅವರ ತಲೆಗೆ ಬರುತ್ತೆ. 250 ಗ್ರಾಂ ಕೊಡಗಿನ ಜೇನಿನ ಬಾಟ್ಲಿ ಸಾಕು. ಭಾರತದಿಂದ ಬರೋರು ಜೇನನ್ನು 2 ಕಿಲೋವರೆಗೆ ತರಬಹುದು. ಮಾಂಸ, ಹಾಲಿನ ಪದಾರ್ಥಕ್ಕೆ ಪ್ರವೇಶವೇ ಇಲ್ಲ, ಆದ್ದರಿಂದ ಹಂದಿ ಉಪ್ಪಿನಕಾಯಿ, ತುಪ್ಪ ಸೂಟ್‌ಕೇಸಿಗೆ ಹಾಕಬೇಡ ಅಂತ ಅಮ್ಮನಿಗೆ ಮೊದಲೇ ಹೇಳು. ಕಾಚಂಪುಳಿ, ಅಂದರೆ ನಮ್ಮ ಹಣ್ಣಿನ ಕಪ್ಪು ಹುಳಿ, ಪರವಾಗಿಲ್ಲ, ಮುಚ್ಚಳಕ್ಕೆ ಟೇಪ್ ಸುತ್ತಿಸು. ಅಂದಹಾಗೆ, ಪಂದಿಕರಿಗೆ (ಹಂದಿ ಸಾರಿಗೆ) ಮಸಾಲೆ ಕಪ್ಪಗೆ ಹುರಿಯುವಾಗ ಹೊಗೆ ಹೋಗಲಿ ಅಂತ ಮೆಟ್ಟಿಲ ಕಡೆ ಬಾಗಿಲು ತೆಗೀಬೇಡ, ಕಿಟಕಿ ಮಾತ್ರ ತೆರಿ. ಮೂರು ತಿಂಗಳು ಕೂಡಿಸಿದ ಸ್ನೇಹ ಒಂದು ಬಾಣಲೆಯಲ್ಲಿ ಕರಕಲಾಗುತ್ತೆ.

ಇನ್ನೆರಡು ಕಡೆ ನಮ್ಮವರು ಮುಗ್ಗರಿಸುತ್ತಾರೆ. ಊಟ ಬೇಕಾ ಅಂತ ಇಲ್ಲಿ ಒಂದೇ ಸಲ ಕೇಳೋದು. ಊರಿನ ರೂಢಿಯಂತೆ ಎರಡು ಸಲ "ಬೇಡ ಬೇಡ" ಅಂದು ಮೂರನೇದಕ್ಕೆ ಕಾದರೆ ಹಸಿದುಕೊಂಡೇ ಮನೆಗೆ ಬರ್ತೀಯ. ಬೇಕಿದ್ದರೆ ಹ್ಞೂಂ ಅನ್ನು. ಹಾಗೇ "ಯಾವಾಗಾದ್ರೂ ಬನ್ನಿ" ಅನ್ನೋದು ಇವರ ಕಿವಿಗೆ ಕರೆಯೋಲೆ ಅಲ್ಲ. "ಗುರುವಾರ 4ಕ್ಕೆ ಕಾಫಿಗೆ ಬನ್ನಿ" ಅನ್ನಬೇಕು. ಅವರು ಕರೆದರೆ 4ಕ್ಕೇ ಹೋಗಬೇಕು, ಐದು ನಿಮಿಷ ತಡ ಅಂದರೂ ಮೆಸೇಜು ಹಾಕು.

ಈಗ ಮನೆ ಫೋನು. ಬೇಸಿಗೆಯಲ್ಲಿ ಊರಿಗೂ ಇಲ್ಲಿಗೂ ಮೂರೂವರೆ ಗಂಟೆ ವ್ಯತ್ಯಾಸ, ಅಕ್ಟೋಬರ್ ಕೊನೇ ಭಾನುವಾರದಿಂದ ನಾಲ್ಕೂವರೆ, ಮಾರ್ಚ್ ಕೊನೇ ಭಾನುವಾರ ಮತ್ತೆ ಮೂರೂವರೆ. ಬೆಳಗಿನ ಪಾಳಿ ಮುಗಿಸಿ 2.30ಕ್ಕೆ ಮಾಡೋ ಕಾಲ್ ಈಗ ಅಲ್ಲಿ ಸಂಜೆ 6ಕ್ಕೆ ಹೋಗ್ತಿದೆ, ಗಡಿಯಾರ ಬದಲಾದ ಮೇಲೆ 7ಕ್ಕೆ ಹೋಗುತ್ತೆ. ಇದನ್ನು ಅಮ್ಮನಿಗೆ ಹೇಳಿಡದಿದ್ದರೆ ಫೋನ್ ಹಿಡಿದು ಒಂದು ಗಂಟೆ ಕಾಯ್ತಾ ಕೂರುತ್ತಾರೆ. ಮಧ್ಯಾಹ್ನದ ಪಾಳಿ ಮುಗಿಯೋ ಹೊತ್ತಿಗೆ ಊರಲ್ಲಿ ನಡುರಾತ್ರಿ ದಾಟಿರುತ್ತೆ, ಆ ವಾರ ಬೆಳಿಗ್ಗೆ 9ಕ್ಕೆ ಮಾಡು. ದಿನಾ ಮಾಡಲೇಬೇಕು ಅಂತಿಲ್ಲ. ವಾರಕ್ಕೆ ಮೂರು ಸಲ, ಪಾಳಿಪಟ್ಟಿ ಬಂದ ದಿನವೇ ವಾರ ಮತ್ತು ಹೊತ್ತು ಬರೆದು ಕಳಿಸಿಬಿಡು. ದಿನಾ ಮಾಡಿದರೆ "ಊಟ ಆಯ್ತಾ, ಚಳಿ ಇದೆಯಾ" ದಾಟಿ ಮಾತು ಮುಂದಕ್ಕೆ ಹೋಗೋದೇ ಇಲ್ಲ.

ಮಾತು ಬೆಳೀಬೇಕಾದರೆ ಅಳತೆ ಇರೋ ಪ್ರಶ್ನೆ ಕೇಳು. "ಹೇಗಿದ್ದೀರಾ ಅಪ್ಪ" ಅಂದರೆ "ಹ್ಞೂಂ, ಚೆನ್ನಾಗಿದ್ದೀವಿ", ಅಲ್ಲಿಗೆ ಮುಗೀತು. "ಇವತ್ತು ಎಷ್ಟು ಸೆಂಟ್ ಮಳೆ ಅಪ್ಪ?" ಅಂದು ನೋಡು. ನೂರು ಸೆಂಟಿಗೆ ಒಂದು ಇಂಚು ಅನ್ನೋ ಲೆಕ್ಕದಲ್ಲಿ ಬರೆದಿಟ್ಟಿರೋ ಪುಸ್ತಕ ತೆಗೆದು, ಹೋದ ವರ್ಷದ ಇದೇ ತಿಂಗಳು ಎಷ್ಟಿತ್ತು ಅಂತಲೂ ಓದುತ್ತಾರೆ. ಅರೇಬಿಕಾ ಕಾಫಿ ಹಣ್ಣಾಗೋ ಹೊತ್ತಿಗೆ ಮಳೆ ಬಿಟ್ಟಿದೆಯಾ, ಕಾಂಡಕೊರಕ ಹುಳ ಹಿಡಿದ ಗಿಡ ಎಷ್ಟು ಕಿತ್ತರು, ಆನೆ ಈ ವಾರ ಯಾವ ಕಡೆಯಿಂದ ನುಗ್ಗಿತು? ಫೆಬ್ರವರಿ, ಮಾರ್ಚಿನಲ್ಲಿ ಕಾಫಿ ಹೂ ಅರಳಿಸೋ ಹೂಮಳೆ ಬಂತಾ, ಅದಾದ ಮೇಲಿನ ಮಳೆ ಯಾವಾಗ ಅಂತ ಕೇಳು. ಅಮ್ಮನ ಹತ್ತಿರ ಸಲಹೆ ಕೇಳು: ಅಕ್ಕಿ ರೊಟ್ಟಿ ಒಡೆಯೋದು ಯಾಕೆ, ನೀರು ಕುದಿಸಿದ್ದು ಸಾಲದೇ? ಮಗಳಿಗೆ ಇನ್ನೂ ತಾನು ಬೇಕು ಅನ್ನೋದು ಅವರಿಗೆ ಹಣ ಕಳಿಸಿದ್ದಕ್ಕಿಂತ ಜಾಸ್ತಿ ತಾಕುತ್ತೆ. ಹಣದ್ದು ಬೇರೆ: ತಿಂಗಳ ಒಂದೇ ದಿನಾಂಕ, ಒಂದೇ ಮೊತ್ತ, ಆಸ್ಪತ್ರೆ ಖರ್ಚಿಗೆ ಪ್ರತ್ಯೇಕ.

ಮಳೆಗಾಲದ ಸಂಗತಿಗೆ ಮೇ ತಿಂಗಳಲ್ಲೇ ತಯಾರಿ ಬೇಕು. ಮರ ಬಿದ್ದು ಲೈನ್ ಹೋದರೆ ಮೊದಲು ಕರೆಂಟು, ಆಮೇಲೆ ಬ್ಯಾಟರಿ ಬರಿದಾಗಿ ಟವರು, ಲ್ಯಾಂಡ್‌ಲೈನಿನ ತಂತಿಯೂ ಅದೇ ಮರದಡಿ. ಫೋನ್ ಸತ್ತಿದೆ ಅಂದರೆ ಮನೆಗೆ ಏನೋ ಆಗಿದೆ ಅಂತಲ್ಲ. 2018ರ ಭೂಕುಸಿತದ ನಂತರ ಆ ಭಯ ಯಾರಿಗೂ ಪೂರ್ತಿ ಹೋಗಿಲ್ಲ, ಸರಿಯೇ; ಅದಕ್ಕೇ ಮೊದಲೇ ಮಾತಾಡಿಡು. ಬೇರೆ ಟವರಿನ ಕೆಳಗಿರೋ ಒಬ್ಬರು, ಜೀಪಿರೋ ಒಬ್ಬರು, ಪೇಟೆಯಲ್ಲಿರೋ ನೆಂಟರೊಬ್ಬರು, ಹೀಗೆ ಮೂರು ನಂಬರು ಬರೆದಿಡು. ಎರಡು ದಿನ ಸದ್ದಿಲ್ಲದಿದ್ದರೆ ಇವರಲ್ಲಿ ಯಾರಿಗೆ ಮೊದಲು ಅಂತಲೂ ತೀರ್ಮಾನಿಸಿಡು. ವಿಡಿಯೋ ಬಿಟ್ಟು ವಾಯ್ಸ್ ಮೆಸೇಜು ಹಾಕು, ಸಿಗ್ನಲ್ ಬಂದಾಗ ತಾನೇ ತಲುಪುತ್ತೆ. ಜಿಲ್ಲೆಯ ವಿಪತ್ತು ಸಹಾಯವಾಣಿ 1077ರಂಥ ಮೂರು ನಾಲ್ಕು ಅಂಕಿಯ ನಂಬರು ಹೊರದೇಶದಿಂದ ಹೋಗಲ್ಲ, ಎಸ್‌ಟಿಡಿ ಕೋಡ್ ಇರೋ ಪೂರ್ತಿ ನಂಬರನ್ನೇ ಕೇಳಿಟ್ಟುಕೋ. ಮಡಿಕೇರಿಯ 08272ರ ಮೊದಲ ಸೊನ್ನೆ ತೆಗೆದು ಅದರ ಜಾಗದಲ್ಲಿ +91 ಹಾಕಬೇಕು.

ಗೆಳೆತನಕ್ಕೆ ಕನ್ನಡ ಸಂಘ ಇದ್ದರೆ ಹೋಗು, ಆದರೆ ಅದೊಂದನ್ನೇ ನೆಚ್ಚಬೇಡ. ನೀನು ಹಾಕಿ ಆಡಿದವಳು; ಹತ್ತಿರದ ಹಾಕಿ ಕ್ಲಬ್ಬಿನಲ್ಲಿ ದೊಡ್ಡವರಿಗೆ ಹವ್ಯಾಸಿ ತಂಡ ಇದೆಯಾ ಕೇಳು. ಒಂದೆರಡು ದಿನ ಸುಮ್ಮನೆ ಆಡಿ ನೋಡೋಕೆ ಸಾಮಾನ್ಯವಾಗಿ ಬಿಡುತ್ತಾರೆ. ಚಳಿಗಾಲದಲ್ಲಿ ಆಟ ಒಳಾಂಗಣದಲ್ಲಿ, ತಂಡಕ್ಕೆ ಗೋಲ್‌ಕೀಪರ್ ಸೇರಿ ಆರು ಜನ, ಚೆಂಡನ್ನು ತಳ್ಳಬಹುದು, ಹೊಡೆಯೋ ಹಾಗಿಲ್ಲ. ಊರಿನ ಮೈದಾನದ ಅಭ್ಯಾಸದಲ್ಲಿ ಸ್ಟಿಕ್ ಬೀಸಿದರೆ ಫೌಲ್. ಗೆಳೆತನ ಆಟದಲ್ಲಿ ಆಗೋದು ಕಮ್ಮಿ, ಪಂದ್ಯದ ದಿನ ಕೇಕ್ ಮೇಜಿಗೆ ನಿಂತಾಗ, ಜರ್ಸಿ ಒಗೆಯೋ ಸರದಿ ಒಪ್ಪಿಕೊಂಡಾಗ ಜಾಸ್ತಿ.

ಡಿಸೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲು. ರಜೆಯ ದಿನ ಮಧ್ಯಾಹ್ನ ಅರ್ಧ ಗಂಟೆ ಹೊರಗೆ ನಡಿ. ಎರಡು ವಾರ ಸತತವಾಗಿ ನಿದ್ದೆ ಬರಲ್ಲ, ಊಟ ಸೇರಲ್ಲ, ಯಾವುದೂ ಬೇಡ ಅನಿಸಿದರೆ ನಿನ್ನ ಮಾಮೂಲು ಡಾಕ್ಟರ ಹತ್ತಿರ ಹೋಗು. ನರ್ಸು ಅಂತ ಬಿಗುಮಾನ ಬೇಡ. ರಾತ್ರಿ ಹೊತ್ತು ಮಾತಾಡೋಕೆ ಯಾರೂ ಇಲ್ಲ ಅಂದರೆ 0800 1110111ಕ್ಕೆ ಮಾಡು, ಜರ್ಮನ್ ಭಾಷೆಯ ಉಚಿತ ಸಹಾಯವಾಣಿ, ದಿನದ 24 ಗಂಟೆಯೂ ಇರುತ್ತೆ. ಜೀವಕ್ಕೆ ಅಪಾಯ ಅಂದರೆ 112.

ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ರಜೆ ಹೇಗೆ ಅಂತಲೂ ಕೇಳಿದ್ದೀಯ. ದಿನ ಗೊತ್ತಾಗೋವರೆಗೆ ಕಾದರೆ ನಿನ್ನ ವಾರ್ಡಿನ ಪಾಳಿಪಟ್ಟಿ ಮುಗಿದಿರುತ್ತೆ. ನವೆಂಬರ್, ಡಿಸೆಂಬರಿನ ಹುಣ್ಣಿಮೆ ನೋಡಿಕೊಂಡು ಅದರ ಆಚೀಚೆ ಬೆಳಗಿನ ಪಾಳಿಯನ್ನೇ ಈಗಲೇ ಕೇಳಿಡು. ಊರಲ್ಲಿ ರಾತ್ರಿ ಎಂಟೂವರೆಗೆ ಕದಿರು ಕುಯ್ಯೋ ಹೊತ್ತು ಇಲ್ಲಿ ಸಂಜೆ ನಾಲ್ಕು, ಮನೆಯಲ್ಲಿರ್ತೀಯ. ಗದ್ದೆ ಹತ್ತಿರ ಸಿಗ್ನಲ್ ಇರದಿದ್ದರೆ "ಪೊಲಿ ಪೊಲಿ ದೇವಾ" ಕೂಗೋದನ್ನು ಅಣ್ಣ ರೆಕಾರ್ಡ್ ಮಾಡಿ ಆಮೇಲೆ ಕಳಿಸಲಿ. ಮಾರನೇ ದಿನ ವಾರ್ಡಿಗೆ ತಂಬಿಟ್ಟು ತಗೊಂಡು ಹೋಗು. ಎರಡು ಲೋಟ ಹುರಿದ ಅಕ್ಕಿ ಹಿಟ್ಟಿಗೆ ಚೆನ್ನಾಗಿ ಕಳಿತ ಆರೇಳು ಬಾಳೆಹಣ್ಣು, ಏಲಕ್ಕಿ, ಬೆಲ್ಲ. ಎಳ್ಳು ಕೆಲವರಿಗೆ ಅಲರ್ಜಿ, ಅದನ್ನು ಬೇರೆ ಡಬ್ಬಿಯಲ್ಲಿಟ್ಟು ಮೇಲೆ ಹೆಸರು ಬರಿ. ಹಿಟ್ಟು ಹಣ್ಣಿನ ನೀರನ್ನೆಲ್ಲ ಕುಡಿದು ಮಧ್ಯಾಹ್ನದೊಳಗೆ ಗಟ್ಟಿಯಾಗುತ್ತೆ, ಎರಡು ಹಣ್ಣು ಮಿಗಿಸಿಕೊಂಡು ಹೋಗಿ ಅಲ್ಲೇ ಕಿವುಚಿ ಸೇರಿಸು.