ಅಪ್ಪ ಗುಬ್ಬಿ ಎಲ್ಲಿತ್ತು?

"ಹುಡುಗ ಹೆಂಗಸರ ಥರ ಆಡ್ತಾನೆ ಮೇಡಂ." ಆಪ್ತಸಲಹೆಗಾರ್ತಿಯಾದ ನನ್ನ ಬಳಿಗೆ ಈ ದೂರು ಮತ್ತೆ ಮತ್ತೆ ಬರುತ್ತದೆ. ಅಂಥದ್ದೊಂದನ್ನು ಗುರುತು ಸಿಗದಂತೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹುಡುಗನಿಗೆ ಎಂಟು ವರ್ಷ. ತಾಯಿ ಗಾರ್ಮೆಂಟ್ಸ್ ಕೆಲಸ ಮುಗಿಸಿ ಬರುವಷ್ಟರಲ್ಲಿ ಮುಸುರೆ ಪಾತ್ರೆ ತಿಕ್ಕಿಡುತ್ತಿದ್ದ. ಅಜ್ಜಿ ಬೈದರು, ಅಪ್ಪ ಹೊಡೆದರು. ಆಮೇಲೆ ಅವನ ಮಾತು ಕಡಿಮೆಯಾಯಿತು, ರಾತ್ರಿ ಹಾಸಿಗೆ ಒದ್ದೆಯಾಗತೊಡಗಿತು.

ಎರಡನೇ ಭೇಟಿಯಲ್ಲಿ ಅಪ್ಪನನ್ನೂ ಕೂರಿಸಿಕೊಂಡು, "ಅಜ್ಜಿ ಹೇಳೋ ಕಥೆ ಒಂದು ಹೇಳಪ್ಪ" ಅಂದೆ. ಕಾಗಕ್ಕ ಗುಬ್ಬಕ್ಕನ ಕಥೆ ಶುರು ಮಾಡಿದ. ಮಳೆಗೆ ಕಾಗಕ್ಕನ ಮನೆ ಕೊಚ್ಚಿಹೋಯಿತು. "ಗುಬ್ಬಕ್ಕ ಗುಬ್ಬಕ್ಕ, ಬಾಗಿಲು ತೆಗಿ." "ತಾಳು, ಮಗೂಗೆ ನೀರು ಹಾಕ್ತಿದ್ದೀನಿ." "ತಾಳು, ಊಟ ಮಾಡಿಸ್ತಿದ್ದೀನಿ." "ತಾಳು, ತೊಟ್ಟಿಲು ತೂಗ್ತಿದ್ದೀನಿ." ಅಲ್ಲಿಗೆ ನಿಲ್ಲಿಸಿದ. ಅಂಗಿಯ ಗುಂಡಿ ತಿರುಗಿಸುತ್ತ ಕೇಳಿದ:

"ಗುಬ್ಬಕ್ಕ ಕೆಟ್ಟೋಳಲ್ಲ ಅಲ್ವಾ ಮಿಸ್? ಒಬ್ಬಳೇ ಎಲ್ಲಾ ಮಾಡ್ತಿದ್ಲು. ಅಪ್ಪ ಗುಬ್ಬಿ ಎದ್ದು ಬಾಗಿಲು ತೆಗೀಬಹುದಿತ್ತು."

"ಈ ಕಥೇಲಿ ಅಪ್ಪ ಗುಬ್ಬಿ ಇಲ್ವಲ್ಲೋ" ಅಂದರು ತಂದೆ.

"ಇದೆ. ಒಳಗೆ ಮಲಗಿದೆ."

ತಂದೆ ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಮಗುಚಿಟ್ಟರು. ನಾನು ಇಷ್ಟೇ ಹೇಳಿದೆ: ನಿಜವಾದ ಗುಬ್ಬಿಗಳಲ್ಲಿ ಗಂಡೂ ಹುಲ್ಲು ತಂದು ಗೂಡು ಕಟ್ಟುತ್ತದೆ, ಸರದಿಯಂತೆ ಮೊಟ್ಟೆಯ ಮೇಲೆ ಕೂರುತ್ತದೆ, ಮರಿಗಳಿಗೆ ಹುಳು ತಂದು ತಿನ್ನಿಸುತ್ತದೆ.

ಹಾಸಿಗೆ ಒದ್ದೆಯಾಗುವ ತೊಂದರೆಗೆ ಮಕ್ಕಳ ವೈದ್ಯರಿಗೆ ಮೊದಲು ತೋರಿಸಿ, ಹೊಡೆಯುವುದನ್ನು ಇವತ್ತೇ ನಿಲ್ಲಿಸಿ ಎಂದೆ. ಹುಡುಗ ತನ್ನ ತಟ್ಟೆ, ಲೋಟ ತೊಳೆಯಲಿ, ಸಾಕು. ಮನೆಮಂದಿಯ ಪಾತ್ರೆಯೆಲ್ಲ ಎಂಟು ವರ್ಷದವನ ಪಾಲಲ್ಲ. ತಾಯಿಯ ದಣಿವು ನೋಡಲಾರದೆ ಅವನು ದೊಡ್ಡವರೊಬ್ಬರು ಬಿಟ್ಟ ಜಾಗ ತುಂಬುತ್ತಿದ್ದ. ಅದಕ್ಕೇ ರಾತ್ರಿಯ ಪಾತ್ರೆ ಪೂರ್ತಿ ನಿಮ್ಮದು ಎಂದು ತಂದೆಗೆ ಹೇಳಿದೆ. "ಹೆಂಡತಿಗೆ ಸಹಾಯ" ಎನ್ನುವ ಮಾತೇ ಬೇಡ ಎಂದೂ ಹೇಳಿದೆ.

ಮನೆಯ ಪದ್ಧತಿಗೆ ಕೈಹಾಕುವುದು ಆಪ್ತಸಲಹೆಯಲ್ಲ ಎಂದು ಸಹೋದ್ಯೋಗಿಯೊಬ್ಬರು ಆಕ್ಷೇಪಿಸಿದರು. ಮಗುವಿನ ಸಂಕಟ ಆ ಪದ್ಧತಿಯಲ್ಲೇ ಇರುವಾಗ ಇನ್ನೆಲ್ಲಿ ಕೈಹಾಕಲಿ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಿದ್ದರು, ಮಾಡುವ ಗಂಡಸರು 97 ನಿಮಿಷ. ದಿನದಲ್ಲಿ ಒಮ್ಮೆಯಾದರೂ ಮಾಡುತ್ತಿದ್ದ ಗಂಡಸರು ನೂರಕ್ಕೆ 26 ಮಂದಿ ಮಾತ್ರ. ಇದನ್ನು ಕಂಡೂ ಹುಡುಗನನ್ನೇ ತಿದ್ದಲು ನನ್ನಿಂದಾಗದು.

ತಂದೆ ಈಗ ಪಾತ್ರೆ ತೊಳೆಯುತ್ತಾರೆ. ಅಜ್ಜಿ ಮಾತ್ರ ಇನ್ನೂ ಮಗನ ಕೈಯಿಂದ ಸ್ಕ್ರಬ್ಬರ್ ಕಿತ್ತುಕೊಳ್ಳುತ್ತಾರಂತೆ. ಮುಂದಿನ ವಾರ ಅವರನ್ನೂ ಕರೆದಿದ್ದೇನೆ, ಕಥೆ ಹೇಳಲು.