ಎಷ್ಟು ಮಂದಿ ನಾಯಕರು?

ಓದುಗರ ಪ್ರಶ್ನೆ – ನಮ್ಮ ಉತ್ತರ

ಈ ಸಲ ಆರಿಸಿಕೊಂಡ ಪ್ರಶ್ನೆಗಳೆಲ್ಲ ಒಂದೇ ಹೆಸರಿನ ಸುತ್ತ ಸುತ್ತುತ್ತವೆ: ನಾಯಕ, ನಾಯ್ಕ, ನಾಯಕ್.

ಪ್ರಶ್ನೆ: ಸಿಯಾಚಿನ್ ಹಿಮದಡಿ ಸಿಲುಕಿದ್ದ ನಮ್ಮ ತಾಲ್ಲೂಕಿನ ಯೋಧರನ್ನು ಪತ್ರಿಕೆಗಳು ‘ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ’ ಎಂದು ಬರೆದಿದ್ದವು. ಇದರಲ್ಲಿ ಅಡ್ಡಹೆಸರು ಯಾವುದು? (ಕುಂದಗೋಳದ ಓದುಗರು)

ಉತ್ತರ: ಕೊಪ್ಪದ. ಲ್ಯಾನ್ಸ್ ನಾಯಕ್ ಎಂಬುದು ಹುದ್ದೆ. 2016ರ ಫೆಬ್ರವರಿಯಲ್ಲಿ ಬೆಟದೂರಿನ ಈ ಯೋಧರ ಸುದ್ದಿ ಬಂದಾಗ ಅನೇಕರು ಅದನ್ನು ಹೆಸರಿನ ಭಾಗ ಎಂದೇ ತಿಳಿದಿದ್ದರು. ಭೂಸೇನೆಯಲ್ಲಿ ಸಿಪಾಯಿಯ ತೋಳಿಗೆ ಪಟ್ಟಿ ಇರುವುದಿಲ್ಲ. ಲ್ಯಾನ್ಸ್ ನಾಯಕನಿಗೆ ಒಂದು ಪಟ್ಟಿ, ನಾಯಕನಿಗೆ ಎರಡು, ಹವಾಲ್ದಾರನಿಗೆ ಮೂರು. ಟ್ಯಾಂಕ್ ದಳಗಳಲ್ಲಿ ಹಳೆಯ ಕುದುರೆ ಸೈನ್ಯದ ಪದ್ಧತಿ ಉಳಿದಿರುವುದರಿಂದ ಎರಡು ಪಟ್ಟಿಯವನು ಲ್ಯಾನ್ಸ್ ದಫೇದಾರ್ ಆಗುತ್ತಾನೆ. ಈಸ್ಟ್ ಇಂಡಿಯಾ ಕಂಪನಿ ತನ್ನ ಸಿಪಾಯಿ ಪಡೆಗಳಲ್ಲಿ ಕಾರ್ಪೊರಲ್ ಸಮಾನದ ಹುದ್ದೆಗೆ ಈ ದೇಸಿ ಪದವನ್ನೇ ಎತ್ತಿಕೊಂಡಿತು. ಅದು ಭಾರತ, ಪಾಕಿಸ್ತಾನ ಎರಡೂ ಸೇನೆಗಳಲ್ಲಿ ಇಂದಿಗೂ ಇದೆ. ಅರಸನಿಗೇ ಸಲ್ಲುತ್ತಿದ್ದ ಬಿರುದು ಎರಡು ಪಟ್ಟಿಗೆ ಇಳಿದದ್ದು ಹೀಗೆ.

ಸೈನಿಕರ ಮನೆಯವರಿಗೆ ಒಂದು ಕಿವಿಮಾತು. ವಂಶವೃಕ್ಷ, ರೇಷನ್ ಕಾರ್ಡು, ಮಕ್ಕಳ ಶಾಲಾ ದಾಖಲಾತಿ ಮಾಡಿಸುವಾಗ ಹುದ್ದೆಯನ್ನು ಹೆಸರಿಗೆ ಅಂಟಿಸಬೇಡಿ. ಬಡ್ತಿಯಾದ ಮೇಲೆ ಹುದ್ದೆ ಬದಲಾಗುತ್ತದೆ. ಮಗುವಿನ ದಾಖಲೆಯಲ್ಲಿ ಮಾತ್ರ ‘ನಾಯಕ್’ ಉಳಿದುಬಿಟ್ಟು, ಮುಂದೆ ಪಿಂಚಣಿ ಕಾಗದದಲ್ಲಿ ಅಪ್ಪನ ಹೆಸರು ತಾಳೆಯಾಗುವುದಿಲ್ಲ.

ಪ್ರಶ್ನೆ: ಹೊನ್ನಾವರ, ಅಂಕೋಲಾ, ಭಟ್ಕಳದ ಕಡೆ ಎಲ್ಲಿ ನೋಡಿದರೂ ನಾಯಕರು, ನಾಯ್ಕರು. ಇವರೆಲ್ಲ ಮೂಲದಲ್ಲಿ ಒಂದೇ ಬಳಗವೇ? ನಮ್ಮ ಮನೆತನದ ಬೇರು ಹುಡುಕುವುದು ಹೇಗೆ? (ಹೊನ್ನಾವರದ ಓದುಗರು)

ಉತ್ತರ: ಒಂದೇ ಬಳಗವಲ್ಲ. ನಾಯಕ ಎಂಬುದು ಹುಟ್ಟಿದ್ದು ಅಧಿಕಾರದ ಹೆಸರಾಗಿ. ಮುನ್ನಡೆಸು ಎಂಬ ಅರ್ಥದ ‘ನೀ’ ಧಾತುವಿನಿಂದ ಬಂದ ಸಂಸ್ಕೃತ ಪದ ಅದು. ಕನ್ನಡ ಶಾಸನಗಳಿಗೆ ಬರುವ ಹೊತ್ತಿಗೆ ದಂಡನಾಯಕ ಸವೆದು ‘ದಣ್ಣಾಯಕ’ನಾಗಿದ್ದ. ಹಂಪಿಯ ದಣ್ಣಾಯಕನ ಆವರಣದಲ್ಲಿ ಆ ರೂಪ ಈಗಲೂ ಉಳಿದಿದೆ. ವಿಜಯನಗರದ ಕಾಲದಲ್ಲಿ ಅಮರನಾಯಕ ಎಂದರೆ ಒಂದು ಸೀಮೆಯ ಕಂದಾಯ ಉಣ್ಣುವವನು, ಅದಕ್ಕೆ ಪ್ರತಿಯಾಗಿ ಗೊತ್ತುಮಾಡಿದಷ್ಟು ಕಾಲಾಳು, ಕುದುರೆ ಸಾಕಿ ಅರಸನ ದಂಡಿಗೆ ಒದಗಿಸಬೇಕಾದವನು. ಆ ಸೀಮೆಗೆ ಅಮರಮಾಗಣಿ ಎಂದು ಹೆಸರು. 1565ರ ರಕ್ಕಸತಂಗಡಿ ಯುದ್ಧದ ಬಳಿಕ ಕೇಂದ್ರ ಸಡಿಲವಾಯಿತು, ಈ ನಾಯಕರು ತಂತಮ್ಮ ಸೀಮೆಗೆ ತಾವೇ ದೊರೆಗಳಾದರು. ಕೆಳದಿಯ ನಾಯಕರು ವೀರಶೈವರು, ಚಿತ್ರದುರ್ಗ ಮತ್ತು ಸುರಪುರದವರು ಬೇಡರು, ಮಧುರೆಯವರು ತೆಲುಗು ಬಲಿಜರು. ಅರಸುಮನೆಗಳೇ ಹೀಗೆ ಬೇರೆಬೇರೆ ಇರುವಾಗ ಹೆಸರೊಂದನ್ನೇ ಹಿಡಿದು ನೆಂಟಸ್ತನ ಕಟ್ಟಲಾಗದು.

ನಿಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಅಂಕೋಲಾ, ಕುಮಟಾದ ನಾಡವರು ‘ನಾಯಕ’ ಎಂದು ಬರೆಯುತ್ತಾರೆ. ಗೌಡ ಸಾರಸ್ವತರಲ್ಲೂ ನಾಯಕ್ ಇದ್ದಾರೆ. ಹೊನ್ನಾವರ, ಭಟ್ಕಳದ ನಾಮಧಾರಿಗಳು, ಕಾರವಾರ ಕಡೆಯ ಕೋಮಾರಪಂತರು ಹೆಚ್ಚಾಗಿ ‘ನಾಯ್ಕ’. ಘಟ್ಟದ ಕೆಳಗೆ ಇನ್ನೂ ದಕ್ಷಿಣಕ್ಕೆ ಹೋದರೆ ಮರಾಟಿ ಸಮುದಾಯದ ನಾಯ್ಕರು ಸಿಗುತ್ತಾರೆ. ‘ಯ’ಕಾರ ಪೂರ್ತಿ ಉಚ್ಚರಿಸಿದರೆ ಒಂದು ಜಾತಿ, ಒತ್ತಕ್ಷರವಾದರೆ ಇನ್ನೊಂದು ಎಂದು ಹಳ್ಳಿಕಟ್ಟೆಯಲ್ಲಿ ಹೇಳುವುದುಂಟು. ರೂಢಿಯ ಮಟ್ಟಿಗೆ ಅದರಲ್ಲಿ ಹುರುಳಿದ್ದರೂ ದಾಖಲೆಗೆ ಅದು ಆಧಾರವಾಗದು, ಏಕೆಂದರೆ ಕಾಗುಣಿತ ತೀರ್ಮಾನವಾದದ್ದು ಬಹುತೇಕ ಶಾಲೆಯ ಮಾಸ್ತರರ ಲೇಖನಿಯಲ್ಲಿ.

ಘಟ್ಟದ ಮೇಲೆ ಲಂಬಾಣಿ ತಾಂಡಾಗಳಲ್ಲಿ ನಾಯಕ ಎಂಬುದು ತಾಂಡಾದ ಮುಖ್ಯಸ್ಥನ ಸ್ಥಾನ. ಅವನ ಜೊತೆಗೆ ಸಲಹೆ ಕೊಡುವ ಹಿರಿಯ ಡಾವ, ವ್ಯವಹಾರ ನೋಡುವ ಕಾರಭಾರಿ ಇರುತ್ತಾರೆ. ಅವರ ನಿಜವಾದ ಕುಲದ ಹೆಸರುಗಳು ರಾಠೋಡ, ಚವ್ಹಾಣ, ಪವಾರ, ಜಾಧವ ಮುಂತಾದವು. ವಿಜಯಪುರ, ಕಲಬುರಗಿಯಲ್ಲಿ ಇವೇ ಅಡ್ಡಹೆಸರಾಗಿ ನಿಂತವು. ಶಿವಮೊಗ್ಗ, ದಾವಣಗೆರೆ ಕಡೆ ಗಂಡಸರ ಹೆಸರಿಗೆ ‘ನಾಯ್ಕ’, ಹೆಂಗಸರಿಗೆ ‘ಬಾಯಿ’ ಸೇರಿ, ಅದೇ ಮಕ್ಕಳ ದಾಖಲೆಗೂ ಇಳಿಯಿತು. ಹಾಗಾಗಿ ರಾಠೋಡರ ಮನೆಯ ಒಂದು ಕವಲು ಅಲ್ಲಿ ರಾಠೋಡ, ಇಲ್ಲಿ ನಾಯ್ಕ ಆಗಿರಬಹುದು.

ಇನ್ನು ಬೇರು ಹುಡುಕುವ ಕೆಲಸ. ಅಡ್ಡಹೆಸರನ್ನು ಮೊದಲು ಪಕ್ಕಕ್ಕಿಡಿ. ಮನೆಯ ಹಿರಿಯರಿಂದ ನಾಲ್ಕು ಸಂಗತಿ ಬರೆದುಕೊಳ್ಳಿ: ಕುಲದೇವರು ಎಲ್ಲಿ, ಬಳಿ ಅಥವಾ ಗೋತ್ರ ಯಾವುದು, ಮೂಲಮನೆ ಯಾವ ಊರು, ಹೆಣ್ಣು ತಂದ, ಕೊಟ್ಟ ಊರುಗಳಾವುವು. ನಾಡವರಲ್ಲಿ ಬಳಿ ಕೇಳಿದರೆ ಸಾಕು, ದಾರಿ ಅರ್ಧ ಸವೆದಂತೆ. ಸಾರಸ್ವತರಿಗೆ ಗೋವೆಯ ಕುಲದೇವಸ್ಥಾನವೇ ದಾರಿ, ಮಂಗೇಶಿಯೋ ಮಾರ್ದೋಳದ ಮಹಾಲಸೆಯೋ ಕವಳೆಯ ಶಾಂತಾದುರ್ಗೆಯೋ ಎಂಬುದು ಗೊತ್ತಾದರೆ ಮುಂದಿನದು ಸಲೀಸು. ನಂತರ ಅಜ್ಜ ಓದಿದ ಪ್ರಾಥಮಿಕ ಶಾಲೆಯ ದಾಖಲಾತಿ ಪುಸ್ತಕದ ನಕಲು ಕೇಳಿ. ಅದರಲ್ಲಿ ಜಾತಿಯ ಕಾಲಂ ಪ್ರತ್ಯೇಕ ಇರುತ್ತದೆ, ಹೆಸರಿಗಿಂತ ಅದು ಹೆಚ್ಚು ಮಾತಾಡುತ್ತದೆ. ಮೂರನೆಯದು ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನ ಕೈಬರಹದ ಪಹಣಿ ಮತ್ತು ಮ್ಯುಟೇಶನ್. ಕಂಪ್ಯೂಟರ್ ಪಹಣಿಯಲ್ಲಿ ಬಿಟ್ಟುಹೋದ ತಂದೆಯ ಹೆಸರು ಎಷ್ಟೋ ಸಲ ಅಲ್ಲಿ ಸಿಗುತ್ತದೆ.

ಉತ್ತರ ಕನ್ನಡದವರಿಗೆ ಇನ್ನೊಂದು ಸೂಚನೆ. ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಮುಂಬಯಿಯವರ ರೂಢಿ ‘ಹೆಸರು, ತಂದೆಯ ಹೆಸರು, ಅಡ್ಡಹೆಸರು’ ಎಂಬ ಕ್ರಮದ್ದು. ಹಳೇ ಮೈಸೂರಿನಲ್ಲಾದರೋ ಊರಿನ, ಅಪ್ಪನ ಇನಿಶಿಯಲ್ಲು ಮುಂದೆ ಬಂದು ಅಡ್ಡಹೆಸರಿನ ಅಗತ್ಯವೇ ಬೀಳುತ್ತಿರಲಿಲ್ಲ. ‘ನಾಯಕ’ ಕರಾವಳಿಯಲ್ಲಿ ಗಟ್ಟಿ ಅಡ್ಡಹೆಸರಾಗಿ, ಚಿತ್ರದುರ್ಗದ ಕಡೆ ಇಟ್ಟ ಹೆಸರಿನ ಬಾಲವಾಗಿ ಉಳಿದದ್ದಕ್ಕೆ ಈ ವ್ಯತ್ಯಾಸವೂ ಕಾರಣ.

ಪ್ರಶ್ನೆ: ನನ್ನ ಹೆಸರಿನ ಕೊನೆಗೆ ನಾಯ್ಕ ಇದೆ. ಪರಿಶಿಷ್ಟ ಪಂಗಡದ ಪಟ್ಟಿಯಲ್ಲೂ ‘ನಾಯ್ಕ್, ನಾಯಕ್’ ಎಂದು ಅಚ್ಚಾಗಿದೆ. ಹಾಗಾದರೆ ನನಗೆ ಆ ಪ್ರಮಾಣಪತ್ರ ಸಿಗಬೇಕಲ್ಲವೇ? (ಸಿದ್ದಾಪುರದ ವಿದ್ಯಾರ್ಥಿ)

ಉತ್ತರ: ಪಟ್ಟಿಯಲ್ಲಿರುವುದು ಜಾತಿಯ ಹೆಸರು, ಅಡ್ಡಹೆಸರಲ್ಲ. ಕರ್ನಾಟಕದ ಪಟ್ಟಿಯ 38ನೇ ನಮೂದನ್ನು ಓದಿ ನೋಡಿ: ನಾಯ್ಕಡ, ನಾಯಕ, ಚೋಲಿವಾಲಾ ನಾಯಕ, ಕಪಾಡಿಯಾ ನಾಯಕ, ಮೋಟಾ ನಾಯಕ, ನಾನಾ ನಾಯಕ… ಈ ಚೋಲಿವಾಲಾ, ಕಪಾಡಿಯಾ ನಮ್ಮ ಕಡೆಯವರಲ್ಲ, ಗುಜರಾತಿನ ಬುಡಕಟ್ಟಿನವರು. ಆ ಸಾಲು ಹಳೆಯ ಮುಂಬಯಿ ರಾಜ್ಯದ ಪಟ್ಟಿಯಿಂದ ಹಾಗೇ ಬಂದದ್ದು. 1991ರ ತಿದ್ದುಪಡಿ ಅದಕ್ಕೆ ‘ನಾಯ್ಕ್, ನಾಯಕ್, ಬೇಡ, ಬೇಡರ್, ವಾಲ್ಮೀಕಿ’ ಎಂಬ ಪರ್ಯಾಯ ಹೆಸರುಗಳನ್ನು ಸೇರಿಸಿತು. ಬೇಡ ಸಮುದಾಯದವರು ಊರೂರಲ್ಲಿ ಬೇರೆ ಹೆಸರಿನಿಂದ ಕರೆಸಿಕೊಳ್ಳುತ್ತಿದ್ದರಿಂದ ಅದು ಬೇಕಿತ್ತು. ನಾಯ್ಕ ಎಂದು ಬರೆದುಕೊಳ್ಳುವ ಎಲ್ಲರನ್ನೂ ಒಳಗೆ ತರುವುದು ಅದರ ಉದ್ದೇಶವಾಗಿರಲಿಲ್ಲ. 2020ರಲ್ಲಿ ಅದೇ ನಮೂದಿಗೆ ಪರಿವಾರ, ತಳವಾರ ಸೇರಿದವು. ತಳವಾರ ಎಂಬುದೂ ಊರ ಕಾವಲಿನ ಹುದ್ದೆಯ ಹೆಸರೇ ಆದ್ದರಿಂದ ಅದೇ ಗೋಜಲು ಮತ್ತೆ ಎದ್ದಿತು.

ಸೌಲಭ್ಯದ ಲೆಕ್ಕದಲ್ಲಿ ಈ ಒಂದೇ ಅಡ್ಡಹೆಸರಿನವರು ಎಲ್ಲ ಕಡೆ ಹಂಚಿಹೋಗಿದ್ದಾರೆ. ಲಂಬಾಣಿ ನಾಯ್ಕರು ಪರಿಶಿಷ್ಟ ಜಾತಿ, ವಾಲ್ಮೀಕಿ ನಾಯಕರು ಮತ್ತು ಮರಾಟಿ ನಾಯ್ಕರು ಪರಿಶಿಷ್ಟ ಪಂಗಡ, ನಾಮಧಾರಿ ನಾಯ್ಕರು ಹಿಂದುಳಿದ ವರ್ಗ, ಸಾರಸ್ವತ ನಾಯಕರು ಸಾಮಾನ್ಯ ವರ್ಗ. ನಾಡಕಚೇರಿಯಲ್ಲಿ ಅರ್ಜಿ ಹಾಕುವಾಗ ತಂದೆ ಅಥವಾ ಅಜ್ಜನ ಶಾಲಾ ದಾಖಲೆ, ತಂದೆಯ ಕಡೆಯ ರಕ್ತಸಂಬಂಧಿಗಳ ಹಳೆಯ ಪ್ರಮಾಣಪತ್ರ ಜೊತೆಗಿಡಿ. ಜಾತಿಯ ಕಾಲಂನಲ್ಲಿ ನಿಮ್ಮ ಜಾತಿಯ ಪೂರ್ಣ ಹೆಸರನ್ನೇ ಬರೆಯಿರಿ, ‘ನಾಯ್ಕ’ ಎಂದಷ್ಟೇ ಬರೆಯಬೇಡಿ. ತಹಶೀಲ್ದಾರರು ಕೊಟ್ಟ ಮೇಲೂ ಕೆಲಸ ಮುಗಿಯದು. ನೌಕರಿಗೆ ಆಯ್ಕೆಯಾದಾಗ ಜಿಲ್ಲಾ ಜಾತಿ ಪರಿಶೀಲನಾ ಸಮಿತಿಯ ಸಿಂಧುತ್ವ ಪ್ರಮಾಣಪತ್ರ ಬೇಕು. ಹೆಸರಿನ ಬಲದ ಮೇಲೆ ಪಡೆದ ಪತ್ರಗಳು ಸಾಮಾನ್ಯವಾಗಿ ಬಿದ್ದುಹೋಗುವುದು ಅಲ್ಲಿ, ಆಗ ಸೇರಿದ ಕೆಲಸವೂ ಹೋಗುತ್ತದೆ.

ಪ್ರಶ್ನೆ: ಸೇನಾನಾಯಕೆ, ಬಂಡಾರನಾಯಿಕೆ, ದಿಸಾನಾಯಕೆ: ಶ್ರೀಲಂಕಾದ ಈ ಮನೆತನಗಳು ವಿಜಯನಗರದಿಂದ ವಲಸೆ ಹೋದವೇ? (ಬೆಂಗಳೂರಿನ ಓದುಗರು)

ಉತ್ತರ: ಹೆಸರಿನ ಮೇಲೆ ಹಾಗೆ ಹೇಳಲು ಬರುವುದಿಲ್ಲ. ಸಿಂಹಳಕ್ಕೆ ನಾಯಕ ಪದ ಸಂಸ್ಕೃತ, ಪಾಲಿಗಳ ದಾರಿಯಲ್ಲಿ ಬಂದಿದೆ. ಸೇನಾನಾಯಕ ದಂಡಿನ ಮುಖ್ಯಸ್ಥ, ದಿಸಾನಾಯಕ ‘ದಿಸಾ’ ಎಂಬ ಪ್ರಾಂತದ ಮುಖ್ಯಸ್ಥ. ಹುದ್ದೆ ಮನೆತನದ ಹೆಸರಾದ ಪರಿ ನಮ್ಮಲ್ಲಿಯಂತೆಯೇ. 2024ರಲ್ಲಿ ಅಧ್ಯಕ್ಷರಾದ ಅನುರ ಕುಮಾರ ಅವರ ಪೂರ್ಣ ಹೆಸರು ‘ದಿಸಾನಾಯಕ ಮುದಿಯಾನ್ಸೆಲಾಗೆ ಅನುರ ಕುಮಾರ ದಿಸಾನಾಯಕೆ’. ಮೊದಲಿಗೆ ಬಂದದ್ದು ಮನೆತನ, ಅಲ್ಲಿಯ ‘ಗೆ’ ಎಂದರೆ ಇಂಥವರ ಮನೆಯ ಎಂದು.

ನಮ್ಮ ಕಡೆಯ ನಾಯಕರ ಸಂಬಂಧ ಲಂಕೆಗೆ ಇರುವುದು ಬೇರೆ ಬಾಗಿಲಿಂದ. ಕ್ಯಾಂಡಿಯ ಅರಸರು ಮಧುರೆಯಿಂದ ಹೆಣ್ಣು ತರುತ್ತಿದ್ದರು. 1739ರಲ್ಲಿ ಉತ್ತರಾಧಿಕಾರಿಯಿಲ್ಲದೆ ಅರಸ ತೀರಿಕೊಂಡಾಗ ರಾಣಿಯ ತಮ್ಮ ಪಟ್ಟಕ್ಕೆ ಬಂದ. ಹೀಗೆ ಶುರುವಾದ ನಾಯಕ್ಕರ್ ವಂಶ 1815ರಲ್ಲಿ ಬ್ರಿಟಿಷರು ಕ್ಯಾಂಡಿ ಹಿಡಿಯುವ ತನಕ ಆಳಿತು. ಕೊನೆಯ ಅರಸ ಶ್ರೀ ವಿಕ್ರಮ ರಾಜಸಿಂಹನನ್ನು ವೆಲ್ಲೂರಿನಲ್ಲಿ ಸೆರೆಯಿಟ್ಟರು, ಅಲ್ಲೇ 1832ರಲ್ಲಿ ತೀರಿಕೊಂಡ. ಇದೇ ವಂಶದ ಕೀರ್ತಿ ಶ್ರೀ ರಾಜಸಿಂಹ 1753ರಲ್ಲಿ ಸಯಾಮಿನಿಂದ (ಇಂದಿನ ಥಾಯ್ಲೆಂಡ್) ಭಿಕ್ಷುಗಳನ್ನು ಕರೆಸಿ ಸಂಘಕ್ಕೆ ಮರುಜೀವ ಕೊಟ್ಟ. ಆ ಸಯಾಮ್ ನಿಕಾಯದ, ಅಂದರೆ ಭಿಕ್ಷು ಪಂಥದ, ಮಲ್ವತ್ತೆ, ಅಸ್ಗಿರಿಯ ಪೀಠಗಳ ಹಿರಿಯ ಭಿಕ್ಷುವಿಗೆ ಈಗಲೂ ‘ಮಹಾನಾಯಕ’ ಎಂಬ ಪದವಿ. ಸನ್ಯಾಸಿಗೂ ಈ ಬಿರುದು ಸಂದ ಜಾಗ ಅದು.

ಪ್ರಶ್ನೆ: ಬಾಲಿಯ ಬೋರ್ಡುಗಳಲ್ಲಿ ‘ನಾಯಿಕ್’ ಎಂದು ಕಂಡೆವು. ನಮ್ಮದೇ ಪದವೇ? (ಮಣಿಪಾಲದ ಓದುಗರು)

ಉತ್ತರ: ಅಲ್ಲ. ಇಂಡೋನೇಷ್ಯಾ, ಮಲಯ ಭಾಷೆಗಳಲ್ಲಿ ‘ನಾಯಿಕ್’ ಎಂದರೆ ಏರು, ಹತ್ತು. ಬಸ್ಸು ಹತ್ತುವುದಕ್ಕೂ ಅದೇ, ಹಜ್‌ಗೆ ಹೋಗುವುದಕ್ಕೂ ಅದೇ. ಅದು ಅಲ್ಲಿಯದೇ ನೆಲದ ಮಾತು. ನಮ್ಮ ‘ನಾಯಕ’ ಜಾವಾದ ಅರಮನೆಗಳಲ್ಲಿ ಮಂತ್ರಿ ಎಂಬ ಅರ್ಥದಲ್ಲಿ ಬೇರೆಯಾಗಿಯೇ ಉಳಿದಿದೆ. ಥಾಯ್ ಭಾಷೆಯಲ್ಲಿ ಪ್ರಧಾನಿ ‘ನಾಯೋಕ್ ರತ್ತಮೊಂತ್ರಿ’. ಬಿಡಿಸಿದರೆ ನಾಯಕ, ರಾಷ್ಟ್ರ, ಮಂತ್ರಿ.

ಪ್ರಶ್ನೆ: ನಾಯ್ಡು, ಪಟ್ನಾಯಕ್, ನಾಯರ್ ಕೂಡ ಇದೇ ಬೇರಿನವೇ? (ಬಳ್ಳಾರಿಯ ಓದುಗರು)

ಉತ್ತರ: ಮೊದಲೆರಡು ಹೌದು. ತೆಲುಗಿನ ನಾಯಕುಡು ‘ನಾಯುಡು’ ಆಗಿ ನಾಯ್ಡುವಾಯಿತು. ಒಡಿಶಾದ್ದು ಪಟ್ಟನಾಯಕ. ನಾಯರ್ ವಿಷಯದಲ್ಲಿ ಒಮ್ಮತವಿಲ್ಲ, ನಾಯಕದಿಂದ ಎನ್ನುವವರೂ ನಾಗದಿಂದ ಎನ್ನುವವರೂ ಇದ್ದಾರೆ. ತಮಿಳಿನ ನಾಯಕ್ಕರ್ ಅನ್ನು ತೆಲುಗು ಮೂಲದ ಹಲವು ಸಮುದಾಯಗಳೂ ಉತ್ತರದ ವನ್ನಿಯರೂ ಬಳಸುತ್ತಾರೆ. ಈರೋಡಿನ ಕನ್ನಡ ಮನೆಮಾತಿನ ಪೆರಿಯಾರ್ ಅದನ್ನು ಹೆಸರಿನಿಂದ ಕಿತ್ತುಹಾಕಿದರು. 1929ರ ಚೆಂಗಲ್ಪಟ್ಟು ಸ್ವಾಭಿಮಾನ ಸಮ್ಮೇಳನದಲ್ಲಿ ಜಾತಿಬಾಲ ಬಿಡುವ ನಿರ್ಣಯವೇ ಆಯಿತು.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇಂಗ್ಲಿಷಿನಲ್ಲಿ ಐದಕ್ಷರದ ‘ನಾಯಕ್’, ಪಾಸ್‌ಪೋರ್ಟಿನಲ್ಲಿ ನಾಲ್ಕಕ್ಷರದ ‘ನಾಯ್ಕ್’. ಯಾವುದನ್ನು ತಿದ್ದಿಸಲಿ? (ಮಸ್ಕತ್‌ನಿಂದ ಕುಮಟಾ ಮೂಲದ ಓದುಗರು)

ಉತ್ತರ: ವಿದೇಶದ ವೀಸಾ, ಬ್ಯಾಂಕ್ ಖಾತೆ ಇನ್ನೂ ಆಗಿಲ್ಲದಿದ್ದರೆ ಅಂಕಪಟ್ಟಿಯನ್ನೇ ಮೂಲವಾಗಿಟ್ಟು ಉಳಿದದ್ದನ್ನು ಅದಕ್ಕೆ ಹೊಂದಿಸಿ, ಪದವಿ ಪ್ರಮಾಣಪತ್ರಗಳೆಲ್ಲ ಅದನ್ನೇ ಹಿಂಬಾಲಿಸುತ್ತವೆ. ನಿಮ್ಮಂತೆ ಆಗಲೇ ಕೆಲಸಕ್ಕೆ ಸೇರಿದವರು ಪಾಸ್‌ಪೋರ್ಟನ್ನು ಕದಲಿಸದಿರುವುದು ಲೇಸು. ಊರಿನ ಬ್ಯಾಂಕು, ಆಸ್ತಿ ವ್ಯವಹಾರಕ್ಕೆ ‘ಈ ಎರಡೂ ಹೆಸರು ಒಬ್ಬರದೇ’ ಎಂಬ ನೋಟರಿ ಅಫಿಡವಿಟ್ ಬಹುಮಟ್ಟಿಗೆ ಸಾಕು. ಪೂರ್ತಿ ಬದಲಿಸುವುದಾದರೆ ಅಫಿಡವಿಟ್, ಎರಡು ಪತ್ರಿಕೆಗಳಲ್ಲಿ ಪ್ರಕಟಣೆ, ಗೆಜೆಟ್, ಈ ಕ್ರಮದಲ್ಲೇ ಹೋಗಿ. ಮೂರರಲ್ಲೂ ಹಳೆಯ, ಹೊಸ ಕಾಗುಣಿತ ಅಕ್ಷರಕ್ಕೆ ಅಕ್ಷರ ಒಂದೇ ಇರಲಿ. ಆಧಾರ್‌ನಲ್ಲಿ ಹೆಸರು ತಿದ್ದಲು ಜೀವಮಾನದಲ್ಲಿ ಎರಡೇ ಅವಕಾಶ, ಆದ್ದರಿಂದ ಕಾಗುಣಿತ ನಿಶ್ಚಯವಾದ ಮೇಲಷ್ಟೇ ಅದಕ್ಕೆ ಕೈ ಹಾಕಿ.

ಮಕ್ಕಳಿಗೆ ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಜಾತಿಸೂಚಕ ಬೇಡವೆಂದು ನಾಯಕ ಕೈಬಿಡುವವರು ಸರ್‌ನೇಮ್ ಕಾಲಂ ಖಾಲಿ ಬಿಡದೆ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಅಲ್ಲಿ ತುಂಬಿ. 2022ರ ನವೆಂಬರಿನಿಂದ ಯುಎಇ, ಪಾಸ್‌ಪೋರ್ಟಿನಲ್ಲಿ ಒಂಟಿ ಹೆಸರಿದ್ದವರನ್ನು ವಿಸಿಟ್ ವೀಸಾದ ಮೇಲೆ ಒಳಗೆ ಬಿಡುತ್ತಿಲ್ಲ.